ಹಳೇ ಫಿಯಟ್‌ಗೆ ಅಡ್ವಾನ್ಸ್ ಕೊಡೋ ಮುಂಚೆ

ಮಗೂ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ್ದು ಈಗ ನೋಡಿದೆ. 1968ರ ಫಿಯಟ್, ಹಳೇ ಮೈಸೂರು ರಾಜ್ಯದ ಎಂವೈ ನಂಬರು, ಹರಿದ ಆರ್‌ಸಿ ಬುಕ್ಕು, ಅದರಲ್ಲಿ ನಾಲ್ಕು ಓನರುಗಳ ಹೆಸರು. ಬುಕ್ಕು ಇದೆಯಲ್ಲ, ನಾಳೆ ಅಡ್ವಾನ್ಸ್ ಕೊಡಬಹುದಾ ಅಂತ ಕೇಳಿದ್ದೀಯ. ಬೇಡ. ಕಾರಿನ ಮೈಮೇಲೆ ಕೊರೆದಿರುವ ಚಾಸಿ ನಂಬರನ್ನು ಬುಕ್ಕಿನ ಜೊತೆ ತಾಳೆ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡ.

ನಮ್ಮ ದೊಡ್ಡಣ್ಣನ ಫಿಯಟ್ ನೆನಪಿದೆ ಅಲ್ವಾ? ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತಲ್ಲ, ಅದೇ. ಮಕ್ಕಳೆಲ್ಲ ಅದರೊಳಗೆ ಕೂತು ಆಡುತ್ತಿದ್ದಿರಿ. ಅತ್ತಿಗೆಯ ಬಳೆ ಅಡವಿಟ್ಟು ಕೊಂಡ ಕಾರು ಅದು. ಬುಕ್ಕಿನಲ್ಲಿ ಸೀಲು, ಸಹಿ, ಟ್ಯಾಕ್ಸು ಎಲ್ಲ ಸರಿಯಾಗಿತ್ತು. ಅಣ್ಣನ ಹೆಸರಿಗೂ ಆಯಿತು. 15 ವರ್ಷ ತುಂಬಿತು ಅಂತ ಆರ್‌ಸಿ ರಿನ್ಯೂ ಮಾಡಿಸಲು ಹೋದಾಗ ಇನ್‌ಸ್ಪೆಕ್ಟರು ಬಾನೆಟ್ ಎತ್ತಿಸಿದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಮೂಡಿದ ಅಂಕಿಯೇ ಬೇರೆ, ಬುಕ್ಕಿನ ಅಂಕಿಯೇ ಬೇರೆ! ಬುಕ್ಕು ಅಸಲಿ, ಕಾರೂ ಅಸಲಿ, ಆದರೆ ಆ ಬುಕ್ಕು ಆ ಕಾರಿನದಲ್ಲ. ಗುಜರಿಗೆ ಹೋದ ಯಾವುದೋ ಫಿಯಟ್ಟಿನದ್ದನ್ನು ಬ್ರೋಕರ್ ಇದಕ್ಕೆ ಹೊಂದಿಸಿ ಮಾರಿದ್ದ. ಅಣ್ಣ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಚಾಸಿ ನಂಬರು ನೋಡದೆ ದುಡ್ಡು ಕೊಡಬೇಡ.

ಆ ಬ್ರೋಕರ್ ಕೊಟ್ಟ ರಸೀದಿ, ಇನ್ಶೂರೆನ್ಸು, ಟ್ಯಾಕ್ಸ್ ಚೀಟಿ ಎಲ್ಲವನ್ನೂ ಅಣ್ಣ ಟ್ರಂಕಿನಲ್ಲಿ ಜೋಡಿಸಿಟ್ಟಿದ್ದ. ಮನೆ ಪಾಲಾದಾಗ ಆ ಟ್ರಂಕನ್ನು ತೂಕಕ್ಕೆ ಹಾಕಿಬಿಟ್ಟರು. ಯಾರು ಅಂತ ನಾನು ಹೇಳುವುದಿಲ್ಲ. ನನ್ನನ್ನೊಂದು ಮಾತು ಕೇಳಬಹುದಿತ್ತು. ಅಪ್ಪನ ಲೈಸೆನ್ಸೂ ಅದರಲ್ಲೇ ಇತ್ತು, ಮೈಸೂರು ರಾಜ್ಯದ ಸೀಲು ಇದ್ದದ್ದು. 1973ರಲ್ಲಿ ಕರ್ನಾಟಕ ಅಂತ ಹೆಸರಾದ ಮೇಲೆ ಅಂಥ ಸೀಲು ಯಾರು ಹಾಕಿಕೊಡುತ್ತಾರೆ? ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಂ, ನೀನು ಮಾಡಬೇಕಾದ್ದು ಹೇಳಲೇ ಇಲ್ಲ ನೋಡು. ಕಾರು ರಿಜಿಸ್ಟರ್ ಆಗಿರುವ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್‌ಗೆ ಅರ್ಜಿ ಹಾಕು, ಅಂದರೆ ಅವರ ರಿಜಿಸ್ಟರಿನಲ್ಲಿ ಈ ಕಾರಿನ ಬಗ್ಗೆ ಇರುವ ವಿವರದ ನಕಲಿಗೆ. ಮಾರುವವರನ್ನೂ ಜೊತೆಗೆ ಕರೆದುಕೊಂಡು ಹೋಗು. ಇಷ್ಟು ಹಳೇ ಗಾಡಿಯ ವಿವರ ಎಷ್ಟೋ ಸಲ ಸರ್ಕಾರದ ವೆಬ್‌ಸೈಟ್ ಪರಿವಾಹನ್‌ನಲ್ಲಿ ಇರುವುದಿಲ್ಲ, ಕೈಬರಹದ ರಿಜಿಸ್ಟರಿನಲ್ಲಿ ಹುಡುಕಿಸಬೇಕಾಗುತ್ತದೆ. ಪೆನ್ಸಿಲ್ ಪ್ರಿಂಟು ನೀನೇ ತೆಗೆ. ಬುಕ್ಕು, ಎಕ್ಸ್‌ಟ್ರಾಕ್ಟು, ಪ್ರಿಂಟು ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಂಕಿ ಓದು. ಇಂಜಿನ್ ನಂಬರೂ ಅಷ್ಟೇ. ಎಚ್‌ಪಿ ಸೀಲು, ಅಂದರೆ ಸಾಲದ ಮೇಲೆ ಕೊಂಡದ್ದರ ಗುರುತು, ಇದ್ದರೆ ಅದು ರದ್ದಾಗಿದೆಯಾ ನೋಡು. 1968ರ ಬುಕ್ಕಿನಲ್ಲಿ ಪದ್ಮಿನಿ ಅಂತ ಬರೆದಿದ್ದರೆ ಅಲ್ಲೇ ಬಿಟ್ಟು ಬಾ, ಈ ಫಿಯಟ್‌ಗೆ ಆ ಹೆಸರು ಬಂದದ್ದೇ 70ರ ದಶಕದಲ್ಲಿ.

50 ವರ್ಷ ದಾಟಿದ ಕಾರಿಗೆ ವಿಎ ಅನ್ನೋ ವಿಂಟೇಜ್ ನಂಬರು ಕೊಡುವ ನಿಯಮ 2021ರಲ್ಲಿ ಬಂದಿದೆ, ಫೀಸು 20,000 ರೂಪಾಯಿ. ಆ ನಂಬರಿನಲ್ಲಿ ದಿನಾ ಓಡಿಸುವ ಹಾಗಿಲ್ಲ. ಅದೆಲ್ಲ ಆಮೇಲೆ. ಮೊದಲು ಬುಕ್ಕಿನ ಎಲ್ಲಾ ಪುಟಗಳ ಫೋಟೋ ನನಗೆ ಕಳಿಸು, ಆ ಕಾಲದ ಗುಮಾಸ್ತರ ಕೈಬರಹ ನಾನು ಓದಿ ಹೇಳುತ್ತೇನೆ.