ಅಪ್‌ಡೇಟ್: ಹೊಸ ಟೈರುಗಳನ್ನು ಹಿಂದಕ್ಕೇ ಹಾಕಿಸಿದೆ

ಮಳೆಗಾಲಕ್ಕೆ ಎರಡೇ ಹೊಸ ಟೈರು ಕೊಳ್ಳುವಷ್ಟು ದುಡ್ಡಿದೆ, ಮುಂದಿನ ಚಕ್ರ ಎಳೆಯುವ ಕಾರಿಗೆ ಎಲ್ಲಿ ಹಾಕಿಸಲಿ ಎಂದು ಕೇಳಿದ್ದೆ. ಹೆಚ್ಚಿನವರು ಹಿಂದಕ್ಕೆ ಎಂದಿರಿ. ಶಿರಸಿಯ ಅಂಗಡಿಯವರು ಮಾತ್ರ “ಎಳೆಯುವುದು ಮುಂದಿನದು, ಹೊಸದೂ ಅಲ್ಲಿಗೇ” ಎಂದು ಪಟ್ಟು ಹಿಡಿದರು. ನಾನೂ ಬಿಡಲಿಲ್ಲ.

ಮುಂದಿನವು ಸವೆದು, ಗೀರುಗಳ ಆಳ 2 ಮಿ.ಮೀ. ಮಾತ್ರ ಉಳಿದಿತ್ತು, ಕಾನೂನಿನ ಕನಿಷ್ಠ ಮಿತಿ 1.6. ಅವನ್ನು ತೆಗೆಸಿ, ಹಿಂದೆ ಇದ್ದ 5 ಮಿ.ಮೀ.ನವನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಹಾಕಿಸಿದೆ. ಮುಂದಿನದು ಜಾರಿದರೆ ಸ್ಟಿಯರಿಂಗಿನಲ್ಲೇ ತಿಳಿಯುತ್ತದೆ, ಹಿಂದಿನದು ಜಾರಿದರೆ ಕಾರೇ ತಿರುಗಿಬಿಡುತ್ತದೆ.

ಮೊನ್ನೆ ಜಡಿಮಳೆಯಲ್ಲಿ ದೇವಿಮನೆ ಘಟ್ಟ ಇಳಿದೆ. ಕೊಳೆತ ಎಲೆ ಹಾಸಿದ್ದ ಒಂದು ತಿರುವಿನಲ್ಲಿ ಸ್ಟಿಯರಿಂಗ್ ತುಸು ಹಗುರಾಯಿತು. ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದೆ, ಹಿಡಿತ ಬಂತು. ಪಕ್ಕದಲ್ಲಿ ಕವಳಕ್ಕೆ ಸುಣ್ಣ ಹಚ್ಚುತ್ತಿದ್ದ ಅಪ್ಪಯ್ಯ ತಲೆ ಕೂಡ ಎತ್ತಲಿಲ್ಲ.