ಪ್ಲಾಸ್ಮಾ ಸ್ಫಟಿಕದಲ್ಲಿ ಕೆಳಗಿನ ಕಣ ಮೇಲಿನ ಕಣವನ್ನು ಹಿಂಬಾಲಿಸುವುದೇಕೆ?

ಪ್ರಶ್ನೆ:
ಆರ್ಗಾನ್ ಪ್ಲಾಸ್ಮಾದಲ್ಲಿ (ಎಲೆಕ್ಟ್ರಾನುಗಳೂ ಧನ ಅಯಾನುಗಳೂ ಬೇರ್ಪಟ್ಟಿರುವ ಅನಿಲದಲ್ಲಿ) ತೇಲುವ, ಕೆಲವೇ ಮೈಕ್ರೋಮೀಟರ್ ಗಾತ್ರದ ಪ್ಲಾಸ್ಟಿಕ್ ಕಣಗಳ ಮೇಲೆ ಚುರುಕಾದ ಎಲೆಕ್ಟ್ರಾನುಗಳು ಅಯಾನುಗಳಿಗಿಂತ ಬೇಗ ಬಂದು ಕೂರುವುದರಿಂದ, ಪ್ರತಿ ಕಣವೂ ಸಾವಿರಾರು ಎಲೆಕ್ಟ್ರಾನುಗಳಷ್ಟು ಋಣಾವೇಶ ಪಡೆಯುತ್ತದೆ. ಒಂದನ್ನೊಂದು ವಿಕರ್ಷಿಸುವ ಈ ಕಣಗಳು ಷಟ್ಕೋನ ಜಾಲವಾಗಿ, ಅಂದರೆ ಪ್ಲಾಸ್ಮಾ ಸ್ಫಟಿಕವಾಗಿ, ನಿಲ್ಲುವುದು ಅರ್ಥವಾಗುತ್ತದೆ. ಆದರೆ ಎರಡು ಪದರಗಳಿದ್ದಾಗ ಕೆಳಗಿನ ಕಣ ಮೇಲಿನವುಗಳ ನಡುವಿನ ತೆರವಿಗೆ ಸರಿಯದೆ, ಒಂದರ ನೇರ ಕೆಳಗೇ ನಿಲ್ಲುವುದು ಹೇಗೆ?

ಉತ್ತರ 1:
ಕಾರಣ ಕಣಗಳಲ್ಲಿಲ್ಲ, ಅವುಗಳ ನಡುವೆ ಹರಿಯುವ ಅಯಾನುಗಳಲ್ಲಿದೆ. ಕಣದ ತೂಕವನ್ನು ಹೊರುವುದು ಕೆಳಗಿನ ವಿದ್ಯುದ್ವಾರದ ಸಮೀಪದ ವಿದ್ಯುತ್ ಕ್ಷೇತ್ರ. ಅದೇ ಕ್ಷೇತ್ರ ಧನ ಅಯಾನುಗಳನ್ನು ರಭಸದಿಂದ ಕೆಳಕ್ಕೆ ಸೆಳೆಯುತ್ತದೆ. ಋಣಾವೇಶದ ಕಣವನ್ನು ದಾಟುವಾಗ ಅವುಗಳ ದಾರಿ ಬಾಗಿ, ಕಣದ ಕೆಳಗೆ ಧನಾವೇಶದ ದಟ್ಟಣೆಯೊಂದು ಏರ್ಪಡುತ್ತದೆ. ಕೆಳಗಿನ ಕಣ ಅದಕ್ಕೆ ಸೆಳೆಯಲ್ಪಡುತ್ತದೆ. ಜರ್ಮನಿಯ ಕೀಲ್‌ನ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಲೇಸರಿನಿಂದ ಮೇಲಿನ ಕಣವನ್ನು ತಳ್ಳಿದಾಗ ಕೆಳಗಿನದು ಅದರ ಬೆನ್ನು ಹಿಡಿಯಿತು. ಕೆಳಗಿನದನ್ನು ತಳ್ಳಿದಾಗ ಮೇಲಿನದು ಹಿಂಬಾಲಿಸಲಿಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ನ್ಯೂಟನ್ನರ ಮೂರನೆಯ ನಿಯಮದ ಗತಿಯೇನು?

ಉತ್ತರ 2:
ನಿಯಮಕ್ಕೆ ಏನೂ ಆಗಿಲ್ಲ, ನಾವು ಲೆಕ್ಕ ಹಾಕುವಾಗ ಅಯಾನುಗಳನ್ನು ಬಿಟ್ಟಿದ್ದೇವೆ, ಅಷ್ಟೆ. ಕಣಗಳ ಜೋಡಿಯಲ್ಲಿ ಕಾಣೆಯಾದ ಸಂವೇಗ ಹರಿವಿನಲ್ಲಿ ಸಿಗುತ್ತದೆ. ಆದರೆ ಕಣಗಳನ್ನಷ್ಟೇ ನೋಡಿದರೆ ಈ ಅಸಮತೆಯ ಪರಿಣಾಮ ಸಣ್ಣದಲ್ಲ: ಹರಿವಿನ ಶಕ್ತಿ ಕಣಗಳ ಕಂಪನಕ್ಕೆ ಸೇರುತ್ತಲೇ ಇರುತ್ತದೆ. ಒಂದೇ ಪದರದ ಸ್ಫಟಿಕದಲ್ಲಿಯೂ ಲಂಬ ಕಂಪನ ಮತ್ತು ಸಮತಲ ಕಂಪನಗಳ ಆವರ್ತನಗಳು ಕೂಡಿಕೊಂಡರೆ, ಅನಿಲದ ಘರ್ಷಣೆ ತಡೆಯಲಾರದಷ್ಟು ಅವು ಬೆಳೆದು ಸ್ಫಟಿಕ ಕರಗಿಬಿಡುತ್ತದೆ. ಪ್ರಯೋಗಾಲಯದಲ್ಲಿ ಅನಿಲದ ಒತ್ತಡವನ್ನು ತುಸು ಏರಿಸಿ ಘರ್ಷಣೆ ಹೆಚ್ಚಿಸಿದೊಡನೆ ಅದು ಮತ್ತೆ ಗಟ್ಟಿಯಾಗುವುದಕ್ಕೆ ಇದೇ ಕಾರಣ. ಬಿಸಿ ಮಾಡದೆಯೇ ಕರಗುವ ಇಂಥ ಘನವನ್ನು, ಒಂದೊಂದು ಕಣದ ಚಲನೆ ಸಹಿತ, ಕ್ಯಾಮೆರಾದಲ್ಲಿ ನೇರವಾಗಿ ನೋಡಬಹುದೆಂಬುದೇ ನನಗೆ ಈ ವಿಷಯದ ದೊಡ್ಡ ಆಕರ್ಷಣೆ.

ಉತ್ತರ 3:
ಒಂದು ಸೇರ್ಪಡೆ. ಅಯಾನುಗಳ ಹರಿವನ್ನು ಎರಡೂ ದಿಕ್ಕಿಗೆ ಸಮನಾಗಿ ಹಂಚಿದರೆ ಈ ಅಸಮತೆ ಅಳಿಯುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಪಿಕೆ-3 ಪ್ಲಸ್ ಉಪಕರಣದಲ್ಲಿ, ಭಾರದ ಕಾಟವಿಲ್ಲದೆ, ದಿಕ್ಕು ಬದಲಿಸುತ್ತಿರುವ ಕ್ಷೇತ್ರವನ್ನು ಹಾಯಿಸಿದಾಗ ಪ್ರತಿ ಕಣದ ಎರಡೂ ಬದಿಗೆ ಧನಾವೇಶದ ದಟ್ಟಣೆ ಮೂಡಿ, ಕಣಗಳು ಕ್ಷೇತ್ರದ ಗುಂಟ ಸರಗಳಾಗಿ ಜೋಡಣೆಗೊಂಡವು.