ವಿಂಡೋಸ್ 11 ತೆಗೆದು 32 ಬಿಟ್ ವಿಂಡೋಸ್ 7 ಹಾಕಬೇಕು, ಪೆನ್‌ಡ್ರೈವ್ ಬೂಟ್ ಮೆನುವಿನಲ್ಲೇ ಬರ್ತಿಲ್ಲ

ಆಲ್ದೂರು ಎಸ್ಟೇಟ್ ಆಫೀಸ್:

ಎಲ್ಲರಿಗೂ ನಮಸ್ಕಾರ. ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ಕೆಲಸ ನಂದು. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಮುಂಗಡ, ಕುಯ್ಲಿನ ಕೆ.ಜಿ. ಲೆಕ್ಕ, ವಾರದ ಬಟವಾಡೆ ಎಲ್ಲಾ ಫಾಕ್ಸ್‌ಪ್ರೊ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಬರೆಸಿದ ಹಳೇ ಡಾಸ್ (ವಿಂಡೋಸ್‌ಗಿಂತ ಮುಂಚಿನ ಸಿಸ್ಟಂ) ಪ್ರೋಗ್ರಾಂನಲ್ಲಿದೆ. ಬರೆದುಕೊಟ್ಟವರು ಈಗ ಸಂಪರ್ಕದಲ್ಲಿಲ್ಲ. ವಿಂಡೋಸ್ 7 ಇದ್ದ ಡೆಸ್ಕ್‌ಟಾಪ್‌ನಲ್ಲಿ ನಡ್ಕೊಂಡು ಹೋಗ್ತಿತ್ತು. ಸಿಡಿಲು ಹೊಡೆದು ಅದರ ಮದರ್‌ಬೋರ್ಡ್ ಹೋಯ್ತು. ಹಾರ್ಡ್‌ಡಿಸ್ಕ್ ಚೆನ್ನಾಗಿದೆ, ಫೋಲ್ಡರ್ ಪೂರ್ತಿ ಕಾಪಿ ತಗೊಂಡಿದ್ದೀನಿ.

ಸಾಹುಕಾರರು ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದಾರೆ: 12ನೇ ಜನರೇಷನ್ ಐ3, 8 ಜಿಬಿ ರ‍್ಯಾಮ್, ವಿಂಡೋಸ್ 11 ಹೋಮ್. ಇದರಲ್ಲಿ ಪ್ರೋಗ್ರಾಂ ಒತ್ತಿದರೆ ‘ದಿಸ್ ಆ್ಯಪ್ ಕಾಂಟ್ ರನ್ ಆನ್ ಯುವರ್ ಪಿಸಿ’ ಅಂತ ಬರುತ್ತೆ. ಅದಕ್ಕೆ 32 ಬಿಟ್ ವಿಂಡೋಸ್ 7 ಹಾಕೋಣ ಅಂತ ರೂಫಸ್ ಅನ್ನೋ ಬೂಟ್ ಪೆನ್‌ಡ್ರೈವ್ ಮಾಡೋ ಸಾಫ್ಟ್‌ವೇರ್‌ನಲ್ಲಿ ಪೆನ್‌ಡ್ರೈವ್ ರೆಡಿ ಮಾಡಿದೆ. ಎಫ್12 ಒತ್ತಿದರೆ ಪೆನ್‌ಡ್ರೈವ್ ಹೆಸರೇ ಇಲ್ಲ. ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗೋಕೆ ಬಿಡೋ ಸೆಟ್ಟಿಂಗ್) ಆಫ್ ಮಾಡಬೇಕು ಅಂತ ಎಲ್ಲೋ ಓದಿ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ಪುಟ) ಆಫ್ ಮಾಡಿದೆ. ಈಗ ವಿಂಡೋಸ್ 11 ಕೂಡ ಬರ್ತಿಲ್ಲ, ನೀಲಿ ಸ್ಕ್ರೀನ್‌ನಲ್ಲಿ ಬಿಟ್‌ಲಾಕರ್ ರಿಕವರಿ ಕೀ ಕೇಳ್ತಿದೆ. ರೋಬಸ್ಟಾ ಕುಯ್ಲು ನಡೀತಿದೆ, ಶನಿವಾರ ಬಟವಾಡೆ. ದಯವಿಟ್ಟು ಸಹಾಯ ಮಾಡಿ.

ಹಾಸನ ಸರ್ವಿಸ್:

ಸರ್, ಗಾಬರಿ ಆಗ್ಬೇಡಿ. ಮೊದಲು ಒಂದು ಮಾತು, ಯಾರು ಹೇಳಿದರೂ ಈಗ ಫಾರ್ಮ್ಯಾಟ್ ಮಾಡ್ಬೇಡಿ.

ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ವಾಪಸ್ ಆನ್ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತೆ, ಅಂದ್ರೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತೆ. ಅದರ ಬೀಗದ ಕೈ ಟಿಪಿಎಂ ಅನ್ನೋ ಭದ್ರತಾ ಚಿಪ್‌ನಲ್ಲಿರುತ್ತೆ. ಬೂಟ್ ಸೆಟ್ಟಿಂಗ್ ಬದಲಾದ್ರೆ ಚಿಪ್ ಆ ಬೀಗದ ಕೈಯನ್ನ ಕೊಡೋದಿಲ್ಲ, 48 ಅಂಕಿಯ ಕೀ ಕೇಳುತ್ತೆ. ಸೆಟ್ಟಿಂಗ್ ಮೊದಲಿನ ಹಾಗೇ ಆದ್ರೆ ಸಾಮಾನ್ಯವಾಗಿ ಕೇಳದೆ ಒಳಗೆ ಬಿಡುತ್ತೆ. ಬಿಡದಿದ್ದರೆ ಫೋನ್‌ನಲ್ಲಿ ಅದೇ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ನಿಮ್ಮ ಡಿವೈಸ್ ಹೆಸರಿನ ಕೆಳಗೆ ಕೀ ಇರುತ್ತೆ. ಒಳಗೆ ಹೋದ ಕೂಡಲೇ ಆ 48 ಅಂಕಿ ಒಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಲ್ಯಾಪ್‌ಟಾಪ್ ತಗೊಂಡ ಪ್ರತಿಯೊಬ್ಬರೂ ಇದನ್ನ ಮಾಡಲೇಬೇಕು.

ಆಲ್ದೂರು ಎಸ್ಟೇಟ್ ಆಫೀಸ್:

ವಿಂಡೋಸ್ ಬಂತು ಸರ್! ಕೀ ಬರೆದಿಟ್ಟೆ. ಈಗ ಪೆನ್‌ಡ್ರೈವ್ ವಿಷಯ?

ಹಾಸನ ಸರ್ವಿಸ್:

ಆ ದಾರಿ ಬಿಟ್ಟುಬಿಡಿ ಅಂತಲೇ ನನ್ನ ಸಲಹೆ. ಕಾರಣ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆ ಲ್ಯಾಪ್‌ಟಾಪ್ ಖಾಲಿ ಮಾಡಿಕೊಂಡು ನಮ್ಮ ಹತ್ರ ಬರ್ತಾರೆ.

ನಿಮ್ಮ ಲ್ಯಾಪ್‌ಟಾಪ್‌ನ ಫರ್ಮ್‌ವೇರ್, ಅಂದ್ರೆ ಹಳೇ ಬಯೋಸ್ ಜಾಗದಲ್ಲಿರೋ ಸಾಫ್ಟ್‌ವೇರ್, 64 ಬಿಟ್ ಯುಇಎಫ್‌ಐ. ಅದು 32 ಬಿಟ್ ವಿಂಡೋಸನ್ನ ಬೂಟ್ ಮಾಡೋದೇ ಇಲ್ಲ. ಹಳೇ ಮಷೀನ್‌ಗಳಲ್ಲಿ ಸಿಎಸ್‌ಎಂ ಅಥವಾ ಲೆಗಸಿ ಅಂತ, ಹಳೇ ಬಯೋಸ್ ರೀತಿಯಲ್ಲಿ ಬೂಟ್ ಮಾಡೋ ಆಯ್ಕೆ ಇರ್ತಿತ್ತು, ಅದನ್ನ ಆನ್ ಮಾಡಿದರೆ ಆಗ್ತಿತ್ತು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಆಯ್ಕೆ ಹೆಚ್ಚಾಗಿ ಇರೋದಿಲ್ಲ. ಪೆನ್‌ಡ್ರೈವ್ ಕಾಣದೇ ಇರೋದು ಇದಕ್ಕೇ, ಪೆನ್‌ಡ್ರೈವ್‌ನಲ್ಲಾಗಲಿ ರೂಫಸ್‌ನಲ್ಲಾಗಲಿ ತೊಂದರೆ ಇಲ್ಲ. ಹೇಗೋ ಬೂಟ್ ಆಯ್ತು ಅಂತಲೇ ಇಟ್ಕೊಳ್ಳಿ, ವಿಂಡೋಸ್ 7 ಬಂದಿದ್ದು 2009ರಲ್ಲಿ. ಅದರ ಸೆಟಪ್‌ನಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲ, ಎನ್‌ವಿಎಂಇ ಎಸ್‌ಎಸ್‌ಡಿ ಡ್ರೈವರ್ ಇಲ್ಲ. ಮೌಸ್ ಅಲ್ಲಾಡಲ್ಲ, ಡಿಸ್ಕ್ ಕಾಣಲ್ಲ.

ಸರಿ, 64 ಬಿಟ್ ವಿಂಡೋಸ್ 10 ಹಾಕ್ತೀನಿ ಅಂತೀರಾ? ಇನ್‌ಸ್ಟಾಲ್ ಆಗುತ್ತೆ, ಆದ್ರೆ ಪ್ರೋಗ್ರಾಂ ಒತ್ತಿದರೆ ಇದೇ ತರಹದ ಮೆಸೇಜ್ ಬರುತ್ತೆ. ಡಾಸ್ ಪ್ರೋಗ್ರಾಂ ನಡೆಸೋ ಎನ್‌ಟಿವಿಡಿಎಂ ಅನ್ನೋ ಭಾಗ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಇರೋದು. ಪ್ರೊಸೆಸರ್ 64 ಬಿಟ್ ಮೋಡ್‌ಗೆ ಹೋದ ಮೇಲೆ ಅದಕ್ಕೆ ಬೇಕಾದ ವರ್ಚುವಲ್ 8086 ಮೋಡ್ (ಹಳೇ 8086 ಚಿಪ್‌ನಂತೆ ನಡೆಯೋ ರೀತಿ) ಸಿಗೋದಿಲ್ಲ. ಹಾಗಾಗಿ ನಿಮಗೆ ಅಡ್ಡಿ ಆಗಿರೋದು 11 ಅನ್ನೋ ನಂಬರ್ ಅಲ್ಲ, 64 ಬಿಟ್. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿ ಬಂದೇ ಇಲ್ಲ.

ಕಡೂರು ಮಂಡಿ:

ಮಧ್ಯೆ ಬಾಯಿ ಹಾಕ್ತಿದ್ದೀನಿ. ನಮ್ಮ ಅಡಿಕೆ ಮಂಡಿಯಲ್ಲಿ ಹಳೇ ಡೆಸ್ಕ್‌ಟಾಪ್‌ಗೆ 32 ಬಿಟ್ ವಿಂಡೋಸ್ 10 ಹಾಕಿ, ಲೆಗಸಿ ಕಾಂಪೊನೆಂಟ್ಸ್‌ನಲ್ಲಿ ಎನ್‌ಟಿವಿಡಿಎಂ ಟಿಕ್ ಮಾಡಿ ಡಾಸ್ ಲೆಕ್ಕ ನಡೆಸ್ತಿದ್ದೀವಿ. ಏನೂ ತೊಂದರೆ ಇಲ್ಲ. ಇವರೂ ಒಂದು ಸೆಕೆಂಡ್ ಹ್ಯಾಂಡ್ ಸಿಸ್ಟಂ ತಗೊಂಡ್ರೆ ಮುಗೀತಲ್ವಾ?

ಹಾಸನ ಸರ್ವಿಸ್:

ನಡೆಯುತ್ತೆ ಅಣ್ಣ, ಲೆಗಸಿ ಬೂಟ್ ಇರೋ ಮಷೀನ್ ಕೈಯಲ್ಲಿದ್ರೆ ಅದು ನ್ಯಾಯವಾದ ದಾರಿಯೇ. ಆದ್ರೆ ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯೂರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಆ ಸಿಸ್ಟಂನಲ್ಲಿ ಬ್ಯಾಂಕ್ ಲಾಗಿನ್ ಮಾಡ್ಬೇಡಿ, ಆದಷ್ಟು ಇಂಟರ್ನೆಟ್‌ನಿಂದ ದೂರ ಇಡಿ. ತೋಟದವರದು ಹೊಸ ಲ್ಯಾಪ್‌ಟಾಪ್, ಅದರಲ್ಲೇ ಕೂಲಿ ಹಣ ಬ್ಯಾಂಕ್‌ಗೆ ಹಾಕೋದೂ ಇರಬಹುದು. ಅದನ್ನ ಹಿಂದಕ್ಕೆ ಒಯ್ಯೋಕೆ ನನಗೆ ಮನಸ್ಸಿಲ್ಲ.

ಆಲ್ದೂರಿನವರೇ, ನಿಮಗೆ ಬೇಕಿರೋದು ಹಳೇ ವಿಂಡೋಸ್ ಅಲ್ಲ, ಡಾಸ್ ಮಾತ್ರ. ಡಾಸ್‌ಬಾಕ್ಸ್-ಎಕ್ಸ್ ಅಂತ ಉಚಿತ ಎಮ್ಯುಲೇಟರ್ ಇದೆ, ವಿಂಡೋಸ್ 11ರ ಒಳಗೇ ಒಂದು ಕಿಟಕಿಯಲ್ಲಿ ಡಾಸ್ ನಡೆಸುತ್ತೆ. ಡಿ ಡ್ರೈವ್‌ನಲ್ಲೋ ಎಲ್ಲೋ ಒಂದು ಫೋಲ್ಡರ್ ಮಾಡಿ, ಹೆಸರು ಎಂಟು ಅಕ್ಷರದ ಒಳಗಿರಲಿ, ಮಧ್ಯೆ ಜಾಗ ಬಿಡ್ಬೇಡಿ. ಅದರೊಳಗೆ ಹಳೇ ಫೋಲ್ಡರನ್ನ ಇದ್ದ ಹೆಸರಲ್ಲೇ ಹಾಕಿ. ಡಾಸ್‌ಬಾಕ್ಸ್‌ನಲ್ಲಿ ಮೌಂಟ್ ಕಮಾಂಡ್ ಕೊಟ್ಟು ಹೊರಗಿನ ಫೋಲ್ಡರನ್ನ ಸಿ ಡ್ರೈವ್ ಮಾಡಿ. ಹಳೇ ಪ್ರೋಗ್ರಾಂಗಳಲ್ಲಿ ದಾರಿ ಸಾಮಾನ್ಯವಾಗಿ ಸಿ ಡ್ರೈವ್ ಅಂತಲೇ ಬರೆದಿರುತ್ತೆ, ಅದಕ್ಕೇ ಈ ಏರ್ಪಾಡು. ಸರಿಹೋದ ಮೇಲೆ ಅದೇ ಸಾಲನ್ನ ಕಾನ್ಫಿಗ್ ಫೈಲ್‌ನ ಕೊನೆಯ ಆಟೋಎಕ್ಸೆಕ್ ಭಾಗದಲ್ಲಿ ಬರೆದುಬಿಡಿ, ದಿನಾ ಟೈಪ್ ಮಾಡೋದು ತಪ್ಪುತ್ತೆ.

ಆಲ್ದೂರು ಎಸ್ಟೇಟ್ ಆಫೀಸ್:

ಇನ್‌ಸ್ಟಾಲ್ ಆಯ್ತು. ಇಲ್ಲಿ ನೆಟ್‌ವರ್ಕ್ ಕಷ್ಟ, ಆದ್ರೆ ಫೈಲ್ ಚಿಕ್ಕದಿತ್ತು, ಬೇಗ ಇಳೀತು. ಪ್ರೋಗ್ರಾಂ ಹೆಸರು ಕೊಟ್ಟರೆ ಒಂದು ಕ್ಷಣ ಫಾಕ್ಸ್‌ಪ್ರೊ ಹೆಸರು ಬಂದು ‘ಡಿವೈಡ್ ಎರರ್’ ಅಂತ ನಿಂತುಹೋಗುತ್ತೆ.

ಹಾಸನ ಸರ್ವಿಸ್:

ಇದು ಫಾಕ್ಸ್‌ಪ್ರೊ 2.x ಆವೃತ್ತಿಗಳ ಹಳೇ ಕಾಯಿಲೆ. ಶುರುವಿನಲ್ಲಿ ಕಂಪ್ಯೂಟರ್ ಎಷ್ಟು ವೇಗ ಅಂತ ಒಂದು ಲೂಪ್ ಓಡಿಸಿ ಅಳೆಯುತ್ತೆ. ಮಷೀನ್ ತೀರಾ ಜೋರಾಗಿದ್ರೆ ಸಮಯ ಸೊನ್ನೆ ಬರುತ್ತೆ, ಸೊನ್ನೆಯಿಂದ ಭಾಗಿಸೋಕೆ ಹೋಗಿ ಬೀಳುತ್ತೆ. ಕಾನ್ಫಿಗ್‌ನಲ್ಲಿ ಸೈಕಲ್ಸ್ (ಎಮ್ಯುಲೇಟರ್ ವೇಗ) ಅನ್ನೋದನ್ನ ಫಿಕ್ಸ್ಡ್ 20000 ಮಾಡಿ ನೋಡಿ. ಆಗದಿದ್ರೆ ಇನ್ನೂ ಇಳಿಸಿ. ಚೆಕ್‌ರೋಲ್ ಲೆಕ್ಕಕ್ಕೆ ಆ ವೇಗ ಧಾರಾಳ.

ಆಲ್ದೂರು ಎಸ್ಟೇಟ್ ಆಫೀಸ್:

ಬಂತು ಸರ್! ಮೆನು ಬಂತು, ಹೋದ ವಾರದ ಹಾಜರಿ ಹಾಗೇ ಇದೆ. ತುಂಬಾ ಉಪಕಾರ ಆಯ್ತು. ಇನ್ನೊಂದೇ ಬಾಕಿ. ಬಟವಾಡೆ ಪಟ್ಟಿ 132 ಕಾಲಂ ಅಗಲ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲೇ ಬರಬೇಕು. ಪ್ರಿಂಟರ್ ಯುಎಸ್‌ಬಿಯಲ್ಲಿದೆ, ಪ್ರೋಗ್ರಾಂ ಎಲ್‌ಪಿಟಿ1 (ಹಳೇ ಪ್ಯಾರಲಲ್ ಪ್ರಿಂಟರ್ ಪೋರ್ಟ್) ಕೇಳುತ್ತೆ.

ಸಕಲೇಶಪುರ:

ನಂದೂ ಒಂದು ಚಿಕ್ಕ ಪ್ರಶ್ನೆ. ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿ ಮೂರು ವಾರ ಆಯ್ತು. ರಿಕವರಿಯಲ್ಲಿ ‘ಗೋ ಬ್ಯಾಕ್’ ಒತ್ತೋಕೇ ಆಗ್ತಿಲ್ಲ.

ಹಾಸನ ಸರ್ವಿಸ್:

ಸಕಲೇಶಪುರದವರೇ, ಅದಕ್ಕೆ ಇರೋದು 10 ದಿನ. ಆಮೇಲೆ ಹಳೇ ವಿಂಡೋಸ್ ಫೋಲ್ಡರ್ ಅಳಿಸಿಹೋಗುತ್ತೆ. ಆ ಹತ್ತು ದಿನದ ಒಳಗೇ ಡಿಸ್ಮ್ ಕಮಾಂಡ್‌ನಿಂದ 60 ದಿನದವರೆಗೂ ಹಿಗ್ಗಿಸಬಹುದಿತ್ತು, ಈಗ ಆಗಲ್ಲ. ನಿಮಗೆ ಉಳಿದಿರೋದು ಬ್ಯಾಕಪ್ ತಗೊಂಡು ಹೊಸದಾಗಿ ಹಾಕೋದು. ನಿಧಾನ ಅನ್ನೋದೇ ತೊಂದರೆ ಆದ್ರೆ ಬೇರೆ ಪ್ರಶ್ನೆ ಹಾಕಿ, ಮೊದಲು ರ‍್ಯಾಮ್ ಎಷ್ಟು, ಹಾರ್ಡ್‌ಡಿಸ್ಕಾ ಎಸ್‌ಎಸ್‌ಡಿಯಾ ಹೇಳಿ.

ಆಲ್ದೂರಿನವರೇ, ವಿಂಡೋಸ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ ಅದನ್ನ ಶೇರ್ ಮಾಡಿ, ಚಿಕ್ಕ ಹೆಸರು ಕೊಡಿ. ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಪ್ಯಾರಲಲ್1 ಅನ್ನೋದನ್ನ ಫೈಲ್ ಅಂತ ಇಡಿ, ಎಲ್‌ಪಿಟಿ1ಗೆ ಹೋಗೋದೆಲ್ಲಾ ಒಂದು ಫೈಲ್‌ಗೆ ಬೀಳುತ್ತೆ. ಆ ಫೈಲನ್ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾಪಿ ಕಮಾಂಡ್‌ನಿಂದ ಶೇರ್ ಮಾಡಿದ ಪ್ರಿಂಟರ್‌ಗೆ ಕಳಿಸಿ, ಬಿ ಅನ್ನೋ ಬೈನರಿ ಸ್ವಿಚ್ ಮರೀಬೇಡಿ. ಹೀಗೆ ಕಳಿಸಿದ್ರೆ ಡ್ರೈವರ್ ಮಧ್ಯೆ ಕೈ ಹಾಕೋದಿಲ್ಲ. ಕಂಡೆನ್ಸ್ಡ್ (ಇಕ್ಕಟ್ಟಾದ) ಅಕ್ಷರದ ಕೋಡ್ ಸೀದಾ ಪ್ರಿಂಟರ್‌ಗೆ ಹೋಗುತ್ತೆ, 132 ಕಾಲಂ ಸಾಲು ಮುರಿಯಲ್ಲ. ನೋಟ್‌ಪ್ಯಾಡ್‌ನಲ್ಲಿ ತೆಗೆದು ಪ್ರಿಂಟ್ ಕೊಟ್ಟರೆ ಪಟ್ಟಿ ಚೆಲ್ಲಾಪಿಲ್ಲಿ ಆಗುತ್ತೆ, ಆ ಕೆಲಸ ಮಾಡ್ಬೇಡಿ. ಆ ಒಂದು ಸಾಲನ್ನ ಬ್ಯಾಚ್ ಫೈಲ್ ಮಾಡಿ ಡೆಸ್ಕ್‌ಟಾಪ್‌ನಲ್ಲಿಟ್ಟರೆ ಎರಡು ಕ್ಲಿಕ್‌ನ ಕೆಲಸ.

ಆಲ್ದೂರು ಎಸ್ಟೇಟ್ ಆಫೀಸ್:

ಬಟವಾಡೆ ಪಟ್ಟಿ ಪ್ರಿಂಟ್ ಬಂತು, ಕಾಲಂ ಎಲ್ಲಾ ಸರಿಯಾಗಿದೆ. ಸಾಹುಕಾರರಿಗೂ ತೋರಿಸಿದೆ. ಮುಂದೆ ಈ ಲೆಕ್ಕ ಎಕ್ಸೆಲ್ ತರಹ ತೆಗೆಯೋಕೆ ಆಗುತ್ತಾ ಅಂತ ಕೇಳಿದ್ರು.

ಹಾಸನ ಸರ್ವಿಸ್:

ಆಗುತ್ತೆ. ಫಾಕ್ಸ್‌ಪ್ರೊ ಡೇಟಾ ಇರೋ ಡಿಬಿಎಫ್ ಫೈಲ್‌ಗಳನ್ನ ಲಿಬ್ರೆಆಫೀಸ್ ಕ್ಯಾಲ್ಕ್ (ಎಕ್ಸೆಲ್ ತರಹದ ಉಚಿತ ಸಾಫ್ಟ್‌ವೇರ್) ಸೀದಾ ತೆರೆಯುತ್ತೆ. ಆದ್ರೆ ಯಾವಾಗಲೂ ಕಾಪಿಯನ್ನೇ ತೆರೆಯಿರಿ. ಮೂಲ ಫೈಲನ್ನ ಕ್ಯಾಲ್ಕ್‌ನಲ್ಲಿ ತಿದ್ದಿ ಸೇವ್ ಮಾಡಿದ್ರೆ ಇಂಡೆಕ್ಸ್ ಫೈಲ್ (ಹುಡುಕೋಕೆ ಬಳಸೋ ಸೂಚಿ) ಅದರ ಜೊತೆ ಬದಲಾಗೋದಿಲ್ಲ, ಪ್ರೋಗ್ರಾಂನಲ್ಲಿ ಆಳುಗಳ ಹೆಸರು ಹುಡುಕಿದ್ರೆ ಸಿಗದೇ ಹೋಗಬಹುದು. ಇನ್ನೊಂದು, ಡಾಸ್‌ಬಾಕ್ಸ್ ಕಿಟಕಿಯನ್ನ ಮೇಲಿನ ಗುಣಾಕಾರ ಗುರುತು ಒತ್ತಿ ಮುಚ್ಚಬೇಡಿ. ಪ್ರೋಗ್ರಾಂ ಮೆನುವಿನಲ್ಲೇ ಕ್ವಿಟ್ ಕೊಟ್ಟು ಹೊರಗೆ ಬಂದ ಮೇಲೆ ಮುಚ್ಚಿ, ಆಮೇಲೆ ಫೋಲ್ಡರನ್ನ ಪೆನ್‌ಡ್ರೈವ್‌ಗೆ ಕಾಪಿ ಹಾಕಿ. ವಿಂಡೋಸ್ 7 ಹಾಕಿದ್ದ ಪೆನ್‌ಡ್ರೈವ್ ಖಾಲಿ ಮಾಡಿ ಅದಕ್ಕೇ ಬಳಸ್ಕೊಳ್ಳಿ.